ಬೇಲಿಯೊಳಗೆ ವಾಯ್ಲಿ, ಬೇಲಿಯಾಚೆ ಬೆಕ್ಕು

(ರಜೆಗೆ ಊರಿಗೆ ಬಂದಿದ್ದಾಗ ಗೆಳೆಯರ ಮುಂದೆ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಮಾತಿನ ಧಾಟಿಯನ್ನು ಜಾಸ್ತಿ ತಿದ್ದಿಲ್ಲ. ಆಮೇಲೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಪರ್ತ್‌ನಲ್ಲಿದ್ದೇನೆ ಅಂದ ಕೂಡಲೇ ಊರಲ್ಲಿ ಎಲ್ಲರೂ ಕೇಳುವುದು ಕಾಂಗರೂ ವಿಷಯ. ಕಾಂಗರೂ ಆರಾಮಾಗಿದೆ. ಸಂಜೆಯಾದರೆ ಗಾಲ್ಫ್ ಮೈದಾನಕ್ಕೆ ಮೇಯಲು ಬರುತ್ತದೆ, ರಾತ್ರಿ ಕಾರಿಗೆ ಅಡ್ಡ ಬರುತ್ತದೆ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದವರು ಇನ್ಷೂರೆನ್ಸ್ ಕಂಪನಿಯವರು ಮಾತ್ರ. ನಾನು ಇವತ್ತು ಹೇಳಲು ಬಂದಿರುವುದು ಅದರ ಒಬ್ಬ ದೂರದ ನೆಂಟನ ಬಗ್ಗೆ. ಹೆಸರು ವಾಯ್ಲಿ. ಆ ಸೀಮೆಯ ಮೂಲನಿವಾಸಿಗಳಾದ ನೂಂಗಾರ್ ಜನರ ಭಾಷೆಯಿಂದ ಬಂದ ಹೆಸರು ಅದು. ತೂಕ ಒಂದರಿಂದ ಒಂದೂವರೆ ಕಿಲೋ. ಹಿಂಗಾಲಿನ ಮೇಲೆ ಕುಪ್ಪಳಿಸುತ್ತದೆ, ಹೊಟ್ಟೆಯಲ್ಲಿ ಮರಿ ಹೊರುವ ಚೀಲವಿದೆ. ಹಾಗಾಗಿ ಕಾಂಗರೂ ಬಳಗವೇ. ಆದರೆ ಮುಖ ನೋಡಿದರೆ ಹೆಗ್ಗಣ ಅನ್ನಬೇಕು. ಪೋಸ್ಟರಿಗೆ ಹಾಕುವಂಥ ಚಂದ ಏನೂ ಇಲ್ಲ. ಬಹುಶಃ ಅದಕ್ಕೇ ಅದರ ಹೆಸರು ನಿಮ್ಮ ಕಿವಿಗೆ ಬಿದ್ದಿಲ್ಲ.

ಆಸ್ಟ್ರೇಲಿಯಾದ ಮುಖ್ಯ ಭೂಭಾಗದ ಅರ್ಧಕ್ಕಿಂತ ಹೆಚ್ಚು ಕಡೆ ಒಂದು ಕಾಲದಲ್ಲಿ ಈ ವಾಯ್ಲಿ ಓಡಾಡಿಕೊಂಡಿತ್ತು. 1970ರ ದಶಕದ ಹೊತ್ತಿಗೆ ನೈಋತ್ಯ ಮೂಲೆಯ ಮೂರೇ ಮೂರು ಕಾಡುಗಳಲ್ಲಿ ಉಳಿದಿತ್ತು. ಆ ಮೂರರಲ್ಲಿ ಒಂದು ಡ್ರೈಯಾಂಡ್ರಾ. ಪರ್ತ್‌ನಿಂದ ಆಗ್ನೇಯಕ್ಕೆ ಸುಮಾರು 170 ಕಿಲೋಮೀಟರ್, ನ್ಯಾರೊಜಿನ್ ಎಂಬ ಪೇಟೆಯ ಹತ್ತಿರ. ದಾರಿಯುದ್ದಕ್ಕೂ ಗೋಧಿ ಹೊಲ, ಕುರಿ ಹಿಂಡು, ಮತ್ತೆ ಗೋಧಿ ಹೊಲ. ಮರ ಅಂದರೆ ರಸ್ತೆ ಅಂಚಿನ ಒಂದು ಸಾಲು, ಅಷ್ಟೇ. ಒಂದು ಕಡೆ ತಿರುಗಿದರೆ ಇದ್ದಕ್ಕಿದ್ದಂತೆ ವಾಂಡೂ ಮರಗಳ ಕಾಡು ಶುರುವಾಗುತ್ತದೆ. ಬಿಳಿ ತೊಗಟೆ, ಉದ್ದ ಕಾಂಡ, ಕೆಳಗೆ ಟೊಳ್ಳಾಗಿ ಬಿದ್ದ ದಿಮ್ಮಿಗಳು. ಒಟ್ಟು ಸುಮಾರು 28,000 ಹೆಕ್ಟೇರ್. ಅದೂ ಒಂದೇ ತುಂಡಾಗಿಲ್ಲ, ಹೊಲಗಳ ನಡುವೆ ಚದುರಿಕೊಂಡಿದೆ. 2022ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಸುತ್ತ ಎಲ್ಲವನ್ನೂ ಕಡಿದು ಗೋಧಿ ಬಿತ್ತಿದವರು ಈ ಕಾಡನ್ನು ಯಾಕೆ ಬಿಟ್ಟರು ಅಂತ ನಿಮಗೂ ಅನಿಸಬಹುದು. ಪ್ರಾಣಿಗಳ ಮೇಲಿನ ಪ್ರೀತಿಗೇನೂ ಅಲ್ಲ. ಅಲ್ಲಿ ಬೆಳೆಯುವ ಮ್ಯಾಲೆಟ್ ಎಂಬ ಮರದ ತೊಗಟೆಯಲ್ಲಿ ಚರ್ಮ ಹದ ಮಾಡುವ ಟ್ಯಾನಿನ್ ಇದೆ. 1920ರ ದಶಕದಿಂದ ಸರ್ಕಾರ ಅದರ ನೆಡುತೋಪು ಮಾಡಿತು. ತೊಗಟೆಗಾಗಿ ಉಳಿದ ಕಾಡಿನಲ್ಲಿ ಪ್ರಾಣಿಗಳೂ ಉಳಿದುಕೊಂಡವು.

ಈ ಕಾಡಿನ ಒಳಗೆ ಬಾರ್ನಾ ಮಿಯಾ ಎಂಬ ಜಾಗವಿದೆ. ನರಿ, ಬೆಕ್ಕು ನುಗ್ಗದ ಹಾಗೆ ಎತ್ತರದ ಬೇಲಿ ಹಾಕಿ, ಒಳಗೆ ಅಪಾಯದಲ್ಲಿರುವ ಚೀಲದ ಪ್ರಾಣಿಗಳನ್ನು ಬಿಟ್ಟಿದ್ದಾರೆ. ನಡೆಸುವುದು ರಾಜ್ಯದ ಉದ್ಯಾನ ಮತ್ತು ವನ್ಯಜೀವಿ ಇಲಾಖೆ. ವಾರದಲ್ಲಿ ಕೆಲವೇ ರಾತ್ರಿ, ಸಣ್ಣ ಗುಂಪು, ಜೊತೆಗೆ ಇಲಾಖೆಯ ಗೈಡ್. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಕತ್ತಲಾದ ಮೇಲೆ ಶುರು. ಮೊದಲು ಒಂದು ಕಟ್ಟಡದೊಳಗೆ ಕೂರಿಸಿ ಸ್ವಲ್ಪ ಹೇಳುತ್ತಾರೆ. ಆಮೇಲೆ ಕೈಗೆ ಕೆಂಪು ಬೆಳಕಿನ ಟಾರ್ಚ್ ಕೊಡುತ್ತಾರೆ. ಬಿಳಿ ಬೆಳಕು ನಿಶಾಚರಿ ಪ್ರಾಣಿಯ ಕಣ್ಣಿಗೆ ಹೊಡೆದರೆ ಅದಕ್ಕೆ ಏನೂ ಕಾಣದೆ ಕಕ್ಕಾಬಿಕ್ಕಿಯಾಗುತ್ತದೆ. ಕೆಂಪು ಬೆಳಕು ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ನಮ್ಮಲ್ಲಿ ಕಾಡುಪಾಪ ಹುಡುಕಲು ಹೋಗುವವರೂ ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡೇ ಹೋಗುತ್ತಾರಲ್ಲ, ಅದೇ ಲೆಕ್ಕ.

ಕಾಲುದಾರಿಯಲ್ಲಿ ನಡೆಯುತ್ತಾ ಅಲ್ಲಲ್ಲಿ ನಿಲ್ಲುತ್ತೀರಿ. ಗೈಡ್ ನೆಲದ ಮೇಲೆ ಸ್ವಲ್ಪ ತಿಂಡಿ ಹಾಕುತ್ತಾರೆ. ಸುಮ್ನೆ ಕಾಯಬೇಕು. ಮೊದಲು ಬರುವುದು ಸಾಮಾನ್ಯವಾಗಿ ಬೂಡಿ. ದಪ್ಪ ಬಾಲದ ಗುಂಡುಗುಂಡಾದ ಪ್ರಾಣಿ, ಕಾಂಗರೂ ಬಳಗದಲ್ಲೇ ಬಿಲ ತೋಡಿ ಬದುಕುವುದು ಇದೊಂದೇ. ಮಹಾ ಜಗಳಗಂಟಿ. ಗುರುಗುಟ್ಟುತ್ತಾ ಒಂದನ್ನೊಂದು ತಳ್ಳಾಡುತ್ತಾ ತಿನ್ನುತ್ತವೆ. ಮುಖ್ಯ ಭೂಭಾಗದಿಂದ ಇದು ಪೂರ್ತಿ ಅಳಿದುಹೋಗಿತ್ತು. ಪಶ್ಚಿಮ ಕರಾವಳಿಯಾಚೆಯ ಕೆಲವು ದ್ವೀಪಗಳಲ್ಲಿ ಉಳಿದಿದ್ದವುಗಳಿಂದ ತಂದು ಬೆಳೆಸಿದ್ದು. ಮೊಲದ ಕಿವಿಯ ಬಿಲ್ಬಿ ಬಂದರೆ ಎಲ್ಲರ ಬಾಯಲ್ಲೂ 'ಅಯ್ಯೋ' ಅನ್ನುವ ಉದ್ಗಾರ. ಮಾಲಾ ಎಂಬ ಪುಟ್ಟ ವಾಲಬಿ (ವಾಲಬಿ ಅಂದರೆ ಚಿಕ್ಕ ಗಾತ್ರದ ಕಾಂಗರೂ) ಪೊದೆ ಬಿಟ್ಟು ಹೊರಗೆ ಬರಲು ಹಿಂದೆಮುಂದೆ ನೋಡುತ್ತದೆ. ತನಾಮಿ ಮರುಭೂಮಿಯಲ್ಲಿ ಉಳಿದಿದ್ದ ಅದರ ಕೊನೆಯ ಕಾಡು ಗುಂಪು 1991ರಲ್ಲಿ ಕಾಳ್ಗಿಚ್ಚಿಗೆ ಹೋಯಿತು.

ವಾಯ್ಲಿ ಬರುವುದು ಇವೆಲ್ಲದರ ನಡುವೆ. ಜಗಳಕ್ಕೆ ಇಳಿಯುವುದಿಲ್ಲ. ಸಿಕ್ಕಿದ್ದನ್ನು ಮುಂಗೈಯಲ್ಲಿ ಎತ್ತಿಕೊಂಡು ಬದಿಗೆ ಸರಿಯುತ್ತದೆ. ನಾನು ನೋಡಿದ ಒಂದು ವಾಯ್ಲಿ ತಿಂಡಿಯ ಕಡೆ ತಿರುಗಿಯೂ ನೋಡಲಿಲ್ಲ. ಒಣಹುಲ್ಲು, ತೊಗಟೆ ಚೂರು ಒಟ್ಟು ಮಾಡುತ್ತಿತ್ತು. ಮುಂಗಾಲಿನಿಂದ ಎಳೆದು ಹಿಂಗಾಲಿನ ಕಡೆಗೆ ತಳ್ಳಿತು. ಬಾಲದ ತುದಿಯನ್ನು ಕೆಳಮುಖವಾಗಿ ಸುರುಳಿ ಮಾಡಿ, ಹುಲ್ಲಿನ ಕಟ್ಟನ್ನು ಅದರೊಳಗೆ ಸಿಕ್ಕಿಸಿಕೊಂಡು, ಹಾಗೇ ಕುಪ್ಪಳಿಸುತ್ತಾ ಪೊದೆಯೊಳಗೆ ಹೋಯಿತು. ಗೂಡಿಗೆ ಹಾಸಲು. ಹಗಲೆಲ್ಲ ಆ ಗೂಡಿನಲ್ಲೇ ನಿದ್ದೆ. ಪಕ್ಕದಲ್ಲಿದ್ದ ಒಬ್ಬರು ಮೊಬೈಲ್ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇಷ್ಟೇ ಆಗಿದ್ದರೆ ನಾನು ಇಲ್ಲಿ ನಿಂತು ಮಾತಾಡುತ್ತಿರಲಿಲ್ಲ. ಬಂಡೀಪುರಕ್ಕೋ ನಾಗರಹೊಳೆಗೋ ಸಫಾರಿಗೆ ಹೋಗಿ ಬಂದವರನ್ನು ನಾವು ಕೇಳುವುದು ಒಂದೇ ಪ್ರಶ್ನೆ: "ಹುಲಿ ಸಿಕ್ತಾ?" ಸಿಕ್ಕಿದರೆ ದುಡ್ಡು ವಸೂಲಿ, ಇಲ್ಲದಿದ್ದರೆ ದಂಡ. ಬಾರ್ನಾ ಮಿಯಾದಲ್ಲಿ ಪ್ರಾಣಿ ಸಿಗುವುದು ಹೆಚ್ಚುಕಡಿಮೆ ಖಾತ್ರಿ. ಬೇಲಿ ಇದೆ, ತಿಂಡಿ ಇದೆ, ಬರದೆ ಎಲ್ಲಿ ಹೋಗುತ್ತವೆ? ಆದ್ದರಿಂದ ಅಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ. ಇದು ಬೇಲಿಯ ಒಳಗೆ ಯಾಕಿದೆ? ಹೊರಗೆ ಏನಾಯಿತು? ಒಳ್ಳೆಯ ಗೈಡ್ ಇದಕ್ಕೆ ಉತ್ತರ ಹೇಳಿಯೇ ನಿಮ್ಮನ್ನು ಕಳಿಸುತ್ತಾರೆ. ನನ್ನ ಪ್ರಕಾರ ಟಿಕೆಟ್ ಕೊಡುವುದು ಆ ಉತ್ತರಕ್ಕೆ.

ಉತ್ತರ ಶುರುವಾಗುವುದು ನೆಲದಿಂದ. ದಾರಿಯ ಬದಿಯಲ್ಲಿ ಟಾರ್ಚ್ ಬಿಟ್ಟು ತೋರಿಸುತ್ತಾರೆ: ಸಣ್ಣ ಸಣ್ಣ ಗುಂಡಿಗಳು, ಪಕ್ಕದಲ್ಲಿ ಕೆದರಿದ ಮಣ್ಣು. ವಾಯ್ಲಿಯ ಮುಖ್ಯ ಆಹಾರ ನೆಲದಡಿ ಬೆಳೆಯುವ ಅಣಬೆ. ಮೇಲಿನಿಂದ ಏನೂ ಕಾಣುವುದಿಲ್ಲ. ವಾಸನೆ ಹಿಡಿದೇ ಅಗೆಯಬೇಕು. ಒಂದು ರಾತ್ರಿಗೆ ಒಂದು ವಾಯ್ಲಿ ಹತ್ತಾರು ಗುಂಡಿ ತೋಡುತ್ತದೆ, ಕೆಲವೊಮ್ಮೆ ನೂರು ದಾಟುತ್ತದೆ. ವರ್ಷಕ್ಕೆ ಒಂದೊಂದೂ ಸುಮಾರು 4.8 ಟನ್ ಮಣ್ಣು ಮಗುಚಿ ಹಾಕುತ್ತದೆ ಅಂತ ಅಲ್ಲಿನ ಸಂಶೋಧಕರು ಅಳೆದು ಹೇಳಿದ್ದಾರೆ. ಒಂದೂವರೆ ಕಿಲೋ ಪ್ರಾಣಿ! ಕೂಲಿ ಇಲ್ಲದ ಉಳುಮೆ ಇದು. ಆ ಸೀಮೆಯ ಮಣ್ಣಿನ ಮೇಲ್ಪದರ ಬೇಸಿಗೆಯಲ್ಲಿ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಳೆ ಬಿದ್ದರೆ ಹರಿದುಹೋಗುತ್ತದೆ. ಗುಂಡಿಯಿದ್ದ ಕಡೆ ನೀರು ಇಂಗುತ್ತದೆ, ತರಗೆಲೆ ಸೇರಿಕೊಂಡು ಕೊಳೆಯುತ್ತದೆ, ಬೀಜ ಮೊಳೆಯುತ್ತದೆ. ತಿಂದ ಅಣಬೆಯ ಬೀಜಕಣಗಳು ಹಿಕ್ಕೆಯ ಜೊತೆ ಬೇರೆ ಕಡೆ ಬೀಳುತ್ತವೆ. ಈ ಅಣಬೆಗಳು ಮರದ ಬೇರಿಗೆ ಹೆಣೆದುಕೊಂಡು ಅದಕ್ಕೆ ನೀರು, ಸತ್ವ ಒದಗಿಸುವ ಜಾತಿಯವು. ಅಂದರೆ ಮೇಲೆ ನಿಂತ ವಾಂಡೂ ಮರಕ್ಕೂ ಕೆಳಗೆ ಕೆದರುವ ವಾಯ್ಲಿಗೂ ಲೆಕ್ಕಾಚಾರ ಇದೆ.

ಇನ್ನೊಂದು ವಿಷಯ ಕೇಳಿದರೆ ನಮ್ಮ ಕಡೆಯವರ ಕಿವಿ ನೆಟ್ಟಗಾಗುತ್ತದೆ. ಗಂಧದ ಮರ. ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಗಂಧ ಬೆಳೆಯುತ್ತದೆ. ನಮ್ಮದಲ್ಲ, ಅದರ ದಾಯಾದಿ. 1840ರ ದಶಕದಿಂದಲೇ ಅಲ್ಲಿಂದ ಚೀನಾಕ್ಕೆ ಹಡಗಿನಲ್ಲಿ ಹೋಗುತ್ತಿತ್ತು. ನಮ್ಮ ಗಂಧದ ಹಣ್ಣು ಚಿಕ್ಕದು. ಕೋಗಿಲೆ, ಪಿಕಳಾರ ತಿಂದು ಎಲ್ಲೋ ಬೇಲಿ ಸಾಲಿನಲ್ಲಿ ಹಿಕ್ಕೆ ಹಾಕಿದರೆ ಅಲ್ಲಿ ಗಿಡ ಏಳುತ್ತದೆ. ಅಲ್ಲಿನ ಗಂಧದ ಬೀಜ ಗೋಲಿಯಷ್ಟು ದಪ್ಪ. ಅದನ್ನು ಹೊತ್ತು ದೂರ ಒಯ್ಯುವವರು ಯಾರು? ವಾಯ್ಲಿ. ಒಂದೊಂದೇ ಬೀಜ ಎತ್ತಿಕೊಂಡು ಹೋಗಿ ಬೇರೆ ಬೇರೆ ಕಡೆ ಮಣ್ಣಲ್ಲಿ ಹೂತಿಡುತ್ತದೆ, ಆಮೇಲೆ ತಿನ್ನೋಣ ಅಂತ. ಎಲ್ಲವನ್ನೂ ತಿನ್ನುವುದಿಲ್ಲ. ಉಳಿದದ್ದು ಮೊಳೆಯುತ್ತದೆ. ಗಂಧದ ಗಿಡಕ್ಕೆ ಪಕ್ಕದ ಗಿಡದ ಬೇರಿನ ಆಸರೆ ಬೇಕು ಅನ್ನುವುದು ನಿಮಗೆ ಗೊತ್ತಿದೆ. ತಾಯಿಮರದ ಬುಡದಲ್ಲೇ ಬಿದ್ದ ಬೀಜಕ್ಕಿಂತ ಪೊದೆಗಳ ನಡುವೆ ಹೂತ ಬೀಜಕ್ಕೆ ಆ ಆಸರೆ ಸಿಗುವ ಸಾಧ್ಯತೆ ಜಾಸ್ತಿ. ಈಗ ವಾಯ್ಲಿ ಇಲ್ಲದ ಒಣ ಸೀಮೆಗಳಲ್ಲಿ ಅಲ್ಲಿನ ಅರಣ್ಯ ಉತ್ಪನ್ನಗಳ ಆಯೋಗದವರು ಗಂಧದ ಬೀಜವನ್ನು ಯಂತ್ರದಿಂದ ನೆಲ ಸೀಳಿ ಬಿತ್ತಿಸುತ್ತಾರೆ. ಆ ಯೋಜನೆಗೆ ಅವರಿಟ್ಟ ಹೆಸರು 'ಆಪರೇಷನ್ ವಾಯ್ಲಿ'. ಪ್ರಾಣಿ ಹೋಯಿತು, ಅದರ ಕೆಲಸಕ್ಕೆ ಟ್ರ್ಯಾಕ್ಟರ್ ಬಂತು.

ಸರಿ, ಹೋಗಿದ್ದು ಹೇಗೆ? ಕಾಡು ಕಡಿದದ್ದು ಒಂದು ಕಾರಣ. ಇನ್ನೊಂದು ನರಿ. ಅದು ಆಸ್ಟ್ರೇಲಿಯಾದ್ದಲ್ಲ. ಇಂಗ್ಲಿಷರು ಬೇಟೆಯ ಶೋಕಿಗಾಗಿ 19ನೇ ಶತಮಾನದಲ್ಲಿ ಪೂರ್ವದ ವಿಕ್ಟೋರಿಯಾಕ್ಕೆ ತಂದು ಬಿಟ್ಟ ಯುರೋಪಿನ ಕೆಂಪು ನರಿ. ಅದು ಹರಡುತ್ತಾ ಹರಡುತ್ತಾ 1930ರ ಹೊತ್ತಿಗೆ ಈ ನೈಋತ್ಯ ಮೂಲೆಗೂ ಮುಟ್ಟಿತು. ವಾಯ್ಲಿ ಥರದ ಪ್ರಾಣಿಗೆ ಅಂಥ ಬೇಟೆಗಾರನ ಪರಿಚಯವೇ ಇರಲಿಲ್ಲ.

ಆದರೂ ನೈಋತ್ಯದ ಈ ಕಾಡುಗಳಲ್ಲಿ ಮಾತ್ರ ಸ್ವಲ್ಪ ಉಳಿಯಿತಲ್ಲ, ಯಾಕೆ? ಇಲ್ಲಿ ಒಂದು ಗಿಡ ಬರುತ್ತದೆ. ಅಲ್ಲಿನವರು ಅದನ್ನು 'ವಿಷದ ಬಟಾಣಿ' ಅನ್ನುತ್ತಾರೆ. ಗ್ಯಾಸ್ಟ್ರೊಲೋಬಿಯಂ ಕುಲದ ಪೊದೆ, ಕಿತ್ತಳೆ-ಹಳದಿ ಹೂವು, ನೋಡಲು ಬಲು ಚೆಂದ. ಎಲೆಯಲ್ಲಿ ಫ್ಲೋರೋಅಸಿಟೇಟ್ ಎಂಬ ವಿಷ ಇದೆ. ಜೀವಕೋಶ ಶಕ್ತಿ ತಯಾರಿಸುವ ಚಕ್ರವನ್ನೇ ನಿಲ್ಲಿಸುವಂಥದ್ದು. ವಲಸೆ ಬಂದ ರೈತರ ಕುರಿ, ದನ ಇದನ್ನು ಮೇಯ್ದು ಸತ್ತವು. ಅವರು ಈ ಗಿಡವನ್ನು ಶಪಿಸುತ್ತಾ ಕಿತ್ತರು. ಆದರೆ ಲಕ್ಷಾಂತರ ವರ್ಷ ಇದರ ಜೊತೆಗೇ ಬದುಕಿದ ಅಲ್ಲಿನ ಪ್ರಾಣಿಗಳಿಗೆ ಈ ವಿಷ ಅಷ್ಟಾಗಿ ತಟ್ಟುವುದಿಲ್ಲ. ವಾಯ್ಲಿ ತಿಂದು ಅರಗಿಸಿಕೊಳ್ಳುವ ಪ್ರಮಾಣದಲ್ಲಿ ಚೂರು ಸಾಕು ನರಿ ಸಾಯಲು. ಈ ಗಿಡ ಮೇಯ್ದ ಪ್ರಾಣಿಯನ್ನು ತಿಂದರೂ ಅದಕ್ಕೆ ವಿಷ ತಟ್ಟಬಹುದು ಅನ್ನುತ್ತಾರೆ. ಯುರೋಪಿನಿಂದ ಬಂದ ಅದಕ್ಕೆ ಈ ಗಿಡದ ಗುರುತೇ ಇಲ್ಲ.

ಇದೇ ವಿಷವನ್ನು ಕಾರ್ಖಾನೆಯಲ್ಲಿ ಸೋಡಿಯಂ ಜೊತೆ ಸೇರಿಸಿ ತಯಾರಿಸಿದರೆ ಸಿಗುವುದಕ್ಕೆ 1080 ಅಂತ ಹೆಸರು. ಟೆನ್-ಏಯ್ಟಿ ಅನ್ನುತ್ತಾರೆ. ಒಣಮಾಂಸದ ತುಂಡಿಗೆ ಸೇರಿಸಿ ಕಾಡಿನಲ್ಲಿ ಹಾಕಿದರೆ ನರಿ ಸಾಯುತ್ತದೆ, ಸ್ಥಳೀಯ ಪ್ರಾಣಿಗಳು ಬದುಕುತ್ತವೆ. ಜಗತ್ತಿನ ಬೇರೆಲ್ಲೂ ಈ ಅನುಕೂಲ ಇಷ್ಟರಮಟ್ಟಿಗೆ ಇಲ್ಲ. 1980ರ ದಶಕದಲ್ಲಿ ಜ್ಯಾಕ್ ಕಿನ್ನಿಯರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೆ ಒಡ್ಡಿದರು. ಗೋಧಿ ಸೀಮೆಯ ಕೆಲವು ಬಂಡೆಗುಡ್ಡಗಳಲ್ಲಿ ನರಿಗೆ ಮದ್ದು ಇಟ್ಟರು, ಕೆಲವು ಕಡೆ ಇಡಲಿಲ್ಲ. ಇಟ್ಟ ಗುಡ್ಡಗಳಲ್ಲಿ ಬಂಡೆ ವಾಲಬಿಗಳು ಹಲವು ಪಟ್ಟು ಹೆಚ್ಚಿದವು. ಡ್ರೈಯಾಂಡ್ರಾದಲ್ಲೂ ಮದ್ದು ಶುರುವಾಯಿತು, ವಾಯ್ಲಿ ಏರಿತು. 1996ರಲ್ಲಿ 'ವೆಸ್ಟರ್ನ್ ಶೀಲ್ಡ್' ಅಂತ ದೊಡ್ಡ ಯೋಜನೆಯನ್ನೇ ಮಾಡಿ ವಿಮಾನದಿಂದ ಮದ್ದು ಉದುರಿಸಲು ಶುರುಮಾಡಿದರು. ಅದೇ 1996ರಲ್ಲಿ ವಾಯ್ಲಿಯ ಹೆಸರನ್ನು ಅಪಾಯದ ಪಟ್ಟಿಯಿಂದ ತೆಗೆದರು. ಮನುಷ್ಯರ ಪ್ರಯತ್ನದಿಂದ ಪಟ್ಟಿಯಿಂದ ಹೊರಬಂದ ಪ್ರಾಣಿ ಅಂತ ಎಲ್ಲ ಕಡೆ ಸಂಭ್ರಮ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು, ಅಲ್ವಾ?

1999ರಿಂದ 2006ರ ನಡುವೆ ವಾಯ್ಲಿಗಳ ಸಂಖ್ಯೆ ನೂರಕ್ಕೆ ಸುಮಾರು 90ರಷ್ಟು ಕುಸಿಯಿತು. ಮದ್ದು ನಿಲ್ಲಿಸಿರಲಿಲ್ಲ. ನರಿಯೂ ಹೆಚ್ಚಿರಲಿಲ್ಲ. ಕಾಯಿಲೆ ಇರಬಹುದೇ ಅಂತ ರಕ್ತ ಪರೀಕ್ಷೆ ಮಾಡಿದರು, ಟ್ರಿಪನೊಸೋಮ, ಟಾಕ್ಸೊಪ್ಲಾಸ್ಮ ಎಂಬ ಪರಾವಲಂಬಿಗಳ ಬೆನ್ನು ಹತ್ತಿದರು. ಅವುಗಳ ಪಾತ್ರ ಎಷ್ಟು ಅನ್ನುವ ಚರ್ಚೆ ಬಹಳ ನಡೆದಿದೆ. ಡ್ರೈಯಾಂಡ್ರಾದಲ್ಲಿ, ಮತ್ತು ಟುಟಾನಿಂಗ್ ಎಂಬ ಇನ್ನೊಂದು ಕಾಡಿನಲ್ಲಿ, ಸಂಶೋಧಕರು ವಾಯ್ಲಿಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಬಿಟ್ಟರು. ಸತ್ತ ವಾಯ್ಲಿ ಸಿಕ್ಕಾಗ ಕೊರಳಪಟ್ಟಿಯ ಮೇಲೆ, ಕಚ್ಚಿದ ಜಾಗದ ಮೇಲೆ ಒಣಗಿದ ಜೊಲ್ಲು ಒರೆಸಿಕೊಂಡು ಡಿಎನ್‌ಎ ನೋಡಿದರು. ಪೊಲೀಸರು ಕೊಲೆ ನಡೆದ ಜಾಗದಲ್ಲಿ ಮಾಡುವ ಕೆಲಸವೇ. ಸುಮಾರು ಮೂರರಲ್ಲಿ ಎರಡು ಸಾವು ಬೆಕ್ಕಿನಿಂದ ಆಗಿದ್ದವು. ನರಿಯ ಪಾಲು ಅದಕ್ಕಿಂತ ಎಷ್ಟೋ ಕಡಿಮೆ.

ನರಿ ಇದ್ದಷ್ಟು ದಿನ ಅದು ಬೆಕ್ಕನ್ನು ಹದ್ದುಬಸ್ತಿನಲ್ಲಿ ಇಟ್ಟಿತ್ತು. ನರಿಯನ್ನು ತೆಗೆದ ಕಡೆ ಕಾಡುಪಾಲಾದ ಬೆಕ್ಕುಗಳು ಹೆಚ್ಚಿಕೊಂಡವು. ಬೆಕ್ಕಿಗೂ ಮದ್ದು ಇಡಬಹುದಲ್ಲ ಅಂದರೆ, ನರಿ ನೆಲದಲ್ಲಿ ಸಿಕ್ಕ ಮಾಂಸ ತಿನ್ನುತ್ತದೆ. ಬೆಕ್ಕು ಹಾಗಲ್ಲ. ಓಡಾಡುವ ಬೇಟೆ ಸಿಗುವಾಗ ಸತ್ತ ಮಾಂಸ ಮೂಸಿಯೂ ನೋಡುವುದಿಲ್ಲ. ಅದಕ್ಕೆಂದೇ ಕಾಂಗರೂ ಮಾಂಸ, ಕೋಳಿ ಕೊಬ್ಬು ಸೇರಿಸಿದ ಸಾಸೇಜ್ ತಯಾರಿಸಿ, ಬೇಟೆ ಕಡಿಮೆ ಇರುವ ಕಾಲ ನೋಡಿ ಹಾಕುತ್ತಾರೆ. ಬೋನೂ ಇಡುತ್ತಾರೆ. ಬೆಕ್ಕಿನ ಮೇಲೂ ಗಮನ ಕೊಟ್ಟ ಮೇಲೆ ಡ್ರೈಯಾಂಡ್ರಾದಲ್ಲಿ ಹಗಲು ಓಡಾಡುವ ನಂಬ್ಯಾಟ್ ಮತ್ತೆ ಜಾಸ್ತಿ ಕಣ್ಣಿಗೆ ಬೀಳುತ್ತಿದೆ. ಗೆದ್ದಲು ತಿಂದು ಬದುಕುವ, ಬೆನ್ನ ಮೇಲೆ ಬಿಳಿ ಪಟ್ಟೆಯಿರುವ ಆ ಪ್ರಾಣಿಯ ಬಗ್ಗೆ ಹೇಳುತ್ತಾ ಹೋದರೆ ಇನ್ನೊಂದು ಗಂಟೆ ಬೇಕು, ಬಿಡಿ.

ಇಷ್ಟನ್ನೂ ಗೈಡ್ ಕೆಂಪು ಬೆಳಕಿನಲ್ಲಿ, ವಾಯ್ಲಿ ನಿಮ್ಮ ಬೂಟಿನ ಪಕ್ಕ ಕೂತಿರುವಾಗ ಹೇಳುತ್ತಾರೆ. ಪುಸ್ತಕದಲ್ಲಿ ಓದುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಒಮ್ಮೆ ನಮ್ಮ ಗೈಡ್ ಚೀಲದ ವಿಷಯ ಹೇಳಿದರು. ಗಣತಿಗಾಗಿ ಇಲಾಖೆಯವರು ಪೀನಟ್ ಬಟರ್, ಓಟ್ಸ್ ಕಲಸಿದ ಉಂಡೆ ಇಟ್ಟು ಬೋನಿನಲ್ಲಿ ವಾಯ್ಲಿ ಹಿಡಿಯುತ್ತಾರೆ. ಬಟ್ಟೆ ಚೀಲದೊಳಗೆ ಇಳಿಸಿಕೊಂಡು ತೂಕ ನೋಡಿ, ಗುರುತು ಹಾಕಿ, ಬಿಡುತ್ತಾರೆ. ತೊಂದರೆ ಏನೆಂದರೆ, ಗಾಬರಿಯಾದ ತಾಯಿ ಹೊಟ್ಟೆಚೀಲ ಸಡಿಲ ಬಿಟ್ಟು ಮರಿಯನ್ನು ಬೀಳಿಸಿಬಿಡುತ್ತದೆ. ನರಿ, ಬೆಕ್ಕು ಅಟ್ಟಿದಾಗಲೂ ಅಷ್ಟೇ. ಮರಿ ಹೋದರೂ ತಾಯಿ ಉಳಿದರೆ ಇನ್ನೊಂದು ಮರಿ ಆಗುತ್ತದೆ, ವಾಯ್ಲಿ ವರ್ಷಕ್ಕೆ ಮೂರರವರೆಗೂ ಹೆರುತ್ತದೆ. ಹಾಗಾಗಿ ಗಣತಿಯವರು ತಾಯಿಯ ಹೊಟ್ಟೆಚೀಲದ ಬಾಯಿಗೆ ಟೇಪ್ ಅಂಟಿಸಿ ಬಿಡುತ್ತಾರೆ. ತಾಯಿ ಸುಧಾರಿಸಿಕೊಂಡ ಮೇಲೆ ಟೇಪ್ ತಾನಾಗಿ ಕಳಚುತ್ತದೆ. ನಮ್ಮ ಗುಂಪಿನಲ್ಲಿದ್ದ ಒಬ್ಬ ಅಜ್ಜಿ ಇದನ್ನು ಕೇಳಿ ಗೈಡ್ ಹತ್ತಿರ ಟೇಪ್ ಯಾವುದು, ಕೂದಲು ಕೀಳುವುದಿಲ್ಲವೇ ಅಂತೆಲ್ಲ ವಿಚಾರಿಸಿದರು. ಗೈಡ್ ಖುಷಿಯಿಂದ ಉತ್ತರ ಕೊಟ್ಟರು. ಅವತ್ತು ರಾತ್ರಿ ಅತಿ ಒಳ್ಳೆಯ ಪ್ರಶ್ನೆ ಅದೇ ಅಂತ ನನಗನಿಸಿತು.

ಈ ಟೂರ್‌ಗಳ ಬಗ್ಗೆ ನನಗೆ ತಕರಾರೇ ಇಲ್ಲ ಅಂತಲ್ಲ. ತಿಂಡಿ ಹಾಕಿ ಕರೆಯುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಪ್ರಾಣಿಗಳಿಗೆ ಹಾನಿ ಅಂತಲ್ಲ, ಹಾಕುವುದು ಸ್ವಲ್ಪವೇ. ನೋಡುವವರ ತಲೆಯಲ್ಲಿ ತಪ್ಪು ಲೆಕ್ಕ ಕೂರುತ್ತದೆ. ಕಾಲಬುಡಕ್ಕೆ ಅಷ್ಟು ವಾಯ್ಲಿ ಬಂದರೆ, "ಇಷ್ಟೊಂದು ಇವೆಯಲ್ಲ, ಅಪಾಯ ಎಲ್ಲಿ?" ಅನಿಸುವುದು ಸಹಜ. ನಾನೇ ಕಿವಿಯಾರೆ ಕೇಳಿದ್ದೇನೆ. ಹಾಗೆ ಅನಿಸದ ಹಾಗೆ ನೋಡಿಕೊಳ್ಳುವುದು ಗೈಡ್ ಮೇಲೆ ನಿಂತಿದೆ. ಕೆಲವರು ಬಾಯಿಪಾಠ ಒಪ್ಪಿಸುತ್ತಾರೆ. ಕೆಲವರು ಬೇಲಿಯ ಹತ್ತಿರ ನಿಲ್ಲಿಸಿ ಆಚೆಗೆ ಕೈ ತೋರಿಸಿ ಮಾತಾಡುತ್ತಾರೆ. ಎರಡಕ್ಕೂ ಟಿಕೆಟ್ ಒಂದೇ.

ಇನ್ನು, ಟೂರ್ ಟಿಕೆಟ್ ದುಡ್ಡಿನಿಂದ ವಾಯ್ಲಿ ಉಳಿಯುತ್ತದೆ ಅಂದುಕೊಳ್ಳಬೇಡಿ. ಮದ್ದು ಉದುರಿಸುವ ವಿಮಾನದ ಖರ್ಚಿಗೆ ಅದು ಯಾವ ಮೂಲೆಗೂ ಸಾಲದು. ಕೆಲಸ ಆಗುವುದು ಬೇರೆ ರೀತಿಯಲ್ಲಿ. ಪರ್ತ್‌ನಲ್ಲಿ ಬೆಕ್ಕು ಸಾಕುವವರು ಬೇಕಾದಷ್ಟು ಜನ, ನಮ್ಮ ಕನ್ನಡದವರಲ್ಲೂ ಇದ್ದಾರೆ. ರಾಜ್ಯದ ಕಾಯ್ದೆ ಪ್ರಕಾರ ಬೆಕ್ಕಿಗೆ ಆರು ತಿಂಗಳಾಗುವುದರೊಳಗೆ ಸಂತಾನಹರಣ ಮಾಡಿಸಬೇಕು, ಮೈಕ್ರೋಚಿಪ್ ಹಾಕಿಸಬೇಕು, ನೋಂದಾಯಿಸಬೇಕು. ಕಾಯ್ದೆ 2011ರದ್ದು. ಬರೀ ಕಾಯ್ದೆ ಓದಿದವರಿಗೆ ಅದು ಇನ್ನೊಂದು ಸರ್ಕಾರಿ ಕಿರಿಕಿರಿ. ಬಾರ್ನಾ ಮಿಯಾದಿಂದ ಬಂದ ನಮ್ಮ ಗೆಳತಿಯೊಬ್ಬಳು ಮಾರನೇ ವಾರ ಹಿತ್ತಿಲ ಜಗಲಿಗೆ ಬಲೆ ಹೊಡೆಸಿದಳು. ಅವಳ ಬೆಕ್ಕು ಈಗ ಅಲ್ಲೇ ಬಿಸಿಲು ಕಾಯಿಸುತ್ತದೆ, ರಾತ್ರಿ ಹೊರಗೆ ಹೋಗುವುದಿಲ್ಲ. ಗಂಡನಿಗೆ ಮಾತ್ರ ಆ ಬಲೆಯ ಖರ್ಚು ಇನ್ನೂ ಜೀರ್ಣ ಆಗಿಲ್ಲ.

ಈಗ ಪ್ರಶ್ನೆಗಳು.

ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: "ಒಂದನ್ನು ವಿಷ ಹಾಕಿ ಕೊಂದು ಇನ್ನೊಂದನ್ನು ಉಳಿಸುವುದು ಯಾವ ನ್ಯಾಯ ತಮ್ಮಾ?"

ಸರ್, ಈ ಪ್ರಶ್ನೆ ಅಲ್ಲೂ ಕೇಳುತ್ತಾರೆ, ಜೋರಾಗಿಯೇ ಕೇಳುತ್ತಾರೆ. ಆ ವಿಷದ ಸಾವು ಸುಖದ ಸಾವಲ್ಲ. ಸಾಕುನಾಯಿ ತಿಂದರೂ ಸಾಯುತ್ತದೆ, ಅದಕ್ಕೇ ಆ ಕಾಡುಗಳ ಬಾಗಿಲಲ್ಲೇ ನಾಯಿ ತರಬೇಡಿ ಅಂತ ಬೋರ್ಡ್ ಹಾಕಿರುತ್ತಾರೆ. ಆದರೆ ಮದ್ದು ನಿಲ್ಲಿಸಿದರೂ ಕೊಲೆ ನಿಲ್ಲುವುದಿಲ್ಲ. ನರಿ, ಬೆಕ್ಕು ಜಗತ್ತಿನಲ್ಲಿ ಬೇರೆ ಎಷ್ಟೋ ಕಡೆ ಇವೆ, ಅವುಗಳ ಕುಲಕ್ಕೆ ಏನೂ ಆಗುವುದಿಲ್ಲ. ವಾಯ್ಲಿಗೆ ಬೇರೆ ಊರಿಲ್ಲ. ಯುರೋಪಿನವರು ಬಂದ ಮೇಲೆ ಆಸ್ಟ್ರೇಲಿಯಾದಲ್ಲಿ 30ಕ್ಕೂ ಹೆಚ್ಚು ಜಾತಿಯ ಸ್ತನಿಗಳು ಅಳಿದಿವೆ, ಅದರಲ್ಲಿ ಹೆಚ್ಚಿನವು ಇಂಥವೇ ಚಿಕ್ಕ ಪ್ರಾಣಿಗಳು. ಬೆಕ್ಕು, ನರಿ ತಂದುಬಿಟ್ಟವರು ಮನುಷ್ಯರು. ಹಾಗಾಗಿ ನಾನು ಮದ್ದಿನ ಪರ. ಸಂತೋಷದಿಂದ ಹೇಳುತ್ತಿಲ್ಲ.

ಒಬ್ಬ ಕಾಲೇಜು ಹುಡುಗಿ ಕೇಳಿದಳು: "ಹಾಗಾದರೆ ಎಲ್ಲವನ್ನೂ ಬೇಲಿಯೊಳಗೆ ಇಟ್ಟುಬಿಟ್ಟರೆ ಮುಗೀತಲ್ಲ?"

ಬೇಲಿ ಬೇಕೇ ಬೇಕು. ಕುಸಿತ ಕಂಡ ಮೇಲೆ 2010ರಲ್ಲಿ ಪೆರಪ್ ಎಂಬಲ್ಲಿ ಸುಮಾರು 420 ಹೆಕ್ಟೇರ್ ಕಾಡಿಗೆ ಬೇಲಿ ಹಾಕಿ, ಸ್ವಲ್ಪ ವಾಯ್ಲಿಗಳನ್ನು ಒಳಗೆ ಬಿಟ್ಟರು. ಹೊರಗಿನವು ಪೂರ್ತಿ ಹೋದರೂ ಒಳಗೊಂದಿಷ್ಟು ಇರಲಿ ಅಂತ. ಆದರೆ ಒಳಗೆ ಶತ್ರು ಇಲ್ಲ, ಸಂಖ್ಯೆ ಏರುತ್ತದೆ, ಗಿಡಗೆಡ್ಡೆಯ ಮೇಲೆ ಒತ್ತಡ ಬೀಳುತ್ತದೆ. ಹೆಚ್ಚಾದವನ್ನು ಹಿಡಿದು ಬೇರೆಡೆ ಬಿಡಬೇಕು. ತಲೆಮಾರುಗಟ್ಟಲೆ ಬೇಲಿಯೊಳಗೇ ಇದ್ದರೆ ಬೆಕ್ಕು ಕಂಡಾಗ ಓಡಬೇಕು ಅನ್ನುವುದೇ ಮರೆತುಹೋಗುತ್ತದೆ. ಬೇಲಿಗೆ ದಿನಾ ಕಾವಲು ಬೇಕು, ಒಂದು ಮರ ಅದರ ಮೇಲೆ ಬಿದ್ದರೆ ಸಾಕು. ಎಲ್ಲಕ್ಕಿಂತ ಮುಖ್ಯ, ಗುಂಡಿ ತೋಡುವ ಕೆಲಸ ಬೇಲಿಯಾಚೆಯ ಕಾಡಿನಲ್ಲೂ ಆಗಬೇಕಲ್ಲ. ದಕ್ಷಿಣ ಆಸ್ಟ್ರೇಲಿಯಾದ ಯಾರ್ಕ್ ಪರ್ಯಾಯ ದ್ವೀಪದಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಮೂರು ಕಡೆ ಸಮುದ್ರ. ಉಳಿದ ಒಂದು ಕಡೆಗೆ ಅಡ್ಡಲಾಗಿ 25 ಕಿಲೋಮೀಟರ್ ಬೇಲಿ. ರಸ್ತೆ, ಹೊಲ, ಮನೆ ಎಲ್ಲ ಒಳಗೇ ಇವೆ. ಪೂರ್ತಿ ತಡೆಯುವ ಬೇಲಿಯಲ್ಲ, ನರಿ-ಬೆಕ್ಕಿನ ಓಡಾಟ ಕಡಿಮೆ ಮಾಡುವ ಬೇಲಿ. ಒಳಗೆ ಮದ್ದು, ಬೋನು ಎಲ್ಲ ನಡೆಯುತ್ತಲೇ ಇರುತ್ತದೆ. 2021ರಲ್ಲಿ ಅಲ್ಲಿಗೆ ವಾಯ್ಲಿಗಳನ್ನು ಬಿಟ್ಟರು. ಅಲ್ಲಿನ ನರುಂಗ್ಗ ಜನರು ಅದನ್ನು ಯಲ್ಗಿರಿ ಅನ್ನುತ್ತಾರೆ. ಒಂದೇ ಬೇಲಿಯೊಳಗೆ ರೈತರೂ ವಾಯ್ಲಿಯೂ. ನನಗೆ ಈ ಪ್ರಯೋಗದ ಮೇಲೆ ಜಾಸ್ತಿ ಆಸೆ.

ಕೊನೆಗೆ ಒಬ್ಬರು, ಮಗಳು ಪರ್ತ್‌ನಲ್ಲಿ ಇದ್ದಾಳಂತೆ, ಬರುವ ವರ್ಷ ಹೋಗುತ್ತಾರಂತೆ: "ನೋಡಲು ಹೋಗುವುದು ಹೇಗೆ ಹೇಳಿ."

ಬಾರ್ನಾ ಮಿಯಾಕ್ಕೆ ಮೊದಲೇ ಬುಕ್ ಮಾಡಬೇಕು. ಬುಕ್ ಮಾಡದೆ ಹೋಗಿ ಬಾಗಿಲಲ್ಲಿ ನಿಂತರೆ ಪ್ರಯೋಜನವಿಲ್ಲ. ಜೂನ್-ಜುಲೈನಲ್ಲಿ ಹೋದರೆ ಅಲ್ಲಿ ಚಳಿಗಾಲ. ಸ್ವೆಟರ್, ಟೋಪಿ, ಕಾಲುಚೀಲ ಬೇಕು. ಬೇಸಿಗೆಯಲ್ಲಿ ಕತ್ತಲಾಗುವುದು ತಡ, ಟೂರ್ ಮುಗಿಯುವಾಗ ರಾತ್ರಿ ಬಹಳ ಹೊತ್ತಾಗಿರುತ್ತದೆ. ಮುಗಿದ ಮೇಲೆ ಅದೇ ರಾತ್ರಿ ಪರ್ತ್‌ಗೆ ವಾಪಸ್ ಕಾರು ಓಡಿಸುವ ಯೋಚನೆ ಬೇಡ. ರಸ್ತೆ ತುಂಬ ಕಾಂಗರೂ. ಕಾಡಿನೊಳಗೇ ಹಿಂದಿನ ಅರಣ್ಯ ಕೆಲಸಗಾರರ ಮನೆಗಳಿವೆ, ಬಾಡಿಗೆಗೆ ಕೊಡುತ್ತಾರೆ. ಅಲ್ಲಿ ಉಳಿದುಕೊಳ್ಳಿ. ಅಡುಗೆ ಸಾಮಾನು ನೀವೇ ಒಯ್ಯಬೇಕು, ಹತ್ತಿರದಲ್ಲಿ ಅಂಗಡಿ ಇಲ್ಲ. ಬೆಳಿಗ್ಗೆ ಕಾರಿನ ವೇಗ ಪೂರ್ತಿ ಇಳಿಸಿ ಮಣ್ಣುದಾರಿಯಲ್ಲಿ ಸುತ್ತಿದರೆ ಅದೃಷ್ಟ ಇದ್ದವರಿಗೆ ನಂಬ್ಯಾಟ್ ಸಿಗುತ್ತದೆ. ರಾತ್ರಿ ಗೈಡ್ ಹತ್ತಿರ ಒಂದು ಮಾತು ಮರೆಯದೆ ಕೇಳಿ: ಈ ಸಲದ ಗಣತಿಯಲ್ಲಿ ಬೇಲಿಯ ಹೊರಗೆ ಬೋನಿಗೆ ಎಷ್ಟು ವಾಯ್ಲಿ ಬಿದ್ದವು ಅಂತ. ಏನು ಹೇಳಿದರು ಅಂತ ನನಗೂ ಒಂದು ಮೆಸೇಜ್ ಹಾಕಿ.